ಕನ್ನಗಳವು, ಶಿಕ್ಷೆ ಮತ್ತು ಮೇಲ್ಮನವಿ: ನಂದಿದುರ್ಗ ಸೀಮೆಯನ್ನು ಕುರಿತ ಒಂದು ಇತಿಹಾಸಾವಲೋಕನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು; ಆ ವರ್ಷ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. ಇವುಗಳ ಇತಿಹಾಸವನ್ನು ಬರೆದವರು ಪಾಳೆಯಗಾರರನ್ನೂ ನಂದಿದುರ್ಗದ ಮುತ್ತಿಗೆಯನ್ನೂ ಕೆರೆಕಟ್ಟೆ ದೇವಾಲಯಗಳನ್ನೂ ಕುರಿತು ಸಾಕಷ್ಟು ಹೇಳಿದ್ದಾರೆ. ಆದರೆ ಇಲ್ಲಿಯ ಒಂದು ಹಳ್ಳಿಯಲ್ಲಿ ಕನ್ನ ಹಾಕಿದನೆಂದು ಶಿಕ್ಷೆಗೊಳಗಾದ ಸಾಮಾನ್ಯ ಮನುಷ್ಯನೊಬ್ಬನು, ಆ ಶಿಕ್ಷೆ ನ್ಯಾಯವಲ್ಲವೆಂದು ತೋರಿದಾಗ, ಯಾರ ಮುಂದೆ ನಿಂತು ಏನೆಂದು ಹೇಳಿಕೊಳ್ಳಬಹುದಾಗಿತ್ತು ಎಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ಹೆಚ್ಚಾಗಿ ಕೈಗೆತ್ತಿಕೊಂಡಿಲ್ಲ. ಪ್ರಕೃತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ಮೇಲ್ಮನವಿಯ ಹಕ್ಕು ಶಾಸನದ ಒಂದು ಕಲಮಿನಿಂದ ಹುಟ್ಟಬಹುದು. ಆದರೆ ಆಪಾದನೆಗೆ ಆಧಾರವಾದ ಸಂಗತಿಗಳು ಬರಹದಲ್ಲಿ ಉಳಿದು, ಆ ಬರಹವು ಶಿಕ್ಷಿತನ ಕೈಸೇರಿದಾಗ ಮಾತ್ರವೇ ಅದಕ್ಕೆ ಜೀವ ಬರುತ್ತದೆ. ನಮ್ಮ ಪ್ರತಿಪಾದನೆ ಇಷ್ಟೇ.

1. ಕನ್ನ ಎಂಬ ಮಾತು

ಗೋಡೆಯನ್ನು ಕೊರೆದು ಒಳಹೊಕ್ಕು ಮಾಡುವ ಕಳವಿಗೆ ಕನ್ನಡದಲ್ಲಿ ಕನ್ನವೆಂಬ ಹೆಸರು ಬಹಳ ಹಳೆಯದು. ಕನ್ನಗಳ್ಳ, ಕನ್ನಗತ್ತಿ ಮುಂತಾದ ಸಮಾಸಗಳು ಇದರಿಂದಲೇ ಬೆಳೆದಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಕನ್ನದ ಮಾರಿತಂದೆ ಎಂಬಾತನು ತನ್ನ ಹಿಂದಿನ ವೃತ್ತಿಯ ಹೆಸರನ್ನೇ ಹೊತ್ತು ವಚನಕಾರನಾದನೆಂಬುದು ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಕಳ್ಳನಾಗಿದ್ದವನು ಸದಾ ಕಳ್ಳನೇ ಆಗಿರಬೇಕಿಲ್ಲವೆಂಬ ಮಾತಿಗೆ ಇದಕ್ಕಿಂತ ಹಳೆಯ ಕನ್ನಡ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಈ ಮಾತು ಮುಂದೆ ನಮ್ಮ ಚರ್ಚೆಗೆ ಬೇಕಾಗುತ್ತದೆ.

ಮೈದಾನ ಸೀಮೆಯ ಮನೆಗಳಿಗೆ ಬಹುಕಾಲ ಮಣ್ಣಿನ ಗೋಡೆಗಳಿದ್ದವು. ಬಾಗಿಲಿಗೆ ಅಗುಳಿಯಿದ್ದರೂ ಗೋಡೆಯನ್ನು ತೇವಮಾಡಿ ಕೊರೆಯುವುದು ಕಷ್ಟವಾಗಿರಲಿಲ್ಲ. ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಶಾಸನವಾಗಿ, 1862ರ ಜನವರಿ 1ರಿಂದ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಗೆ ಬಂದ ಭಾರತ ದಂಡ ಸಂಹಿತೆಯ 445ನೆಯ ಕಲಮು ಕನ್ನಗಳವಿನ ಆರು ಬಗೆಗಳನ್ನು ಎಣಿಸುತ್ತದೆ. ಅದರ ಮೊದಲನೆಯ ಉದಾಹರಣೆಯೇ ಗೋಡೆಗೆ ರಂಧ್ರ ಮಾಡಿ ಅದರೊಳಗೆ ಕೈಹಾಕುವುದು. ಸಂಹಿತೆಯ ಭಾಷೆ ಇಂಗ್ಲಿಷಾದರೂ ಅದರ ಕಣ್ಣ ಮುಂದೆ ಇದ್ದದ್ದು ನಮ್ಮ ನಾಡಿನ ಮಣ್ಣಿನ ಗೋಡೆಯೆಂದು ಹೇಳಬಹುದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ಕನ್ನವನ್ನು ಸಂಹಿತೆಯು ಬೇರೆಯಾಗಿಯೇ ಪರಿಗಣಿಸಿತು. ಕಳವಿನ ಉದ್ದೇಶವಿದ್ದ ರಾತ್ರಿಯ ಕನ್ನಕ್ಕೆ 457ನೆಯ ಕಲಮಿನಂತೆ 14 ವರ್ಷಗಳವರೆಗೂ, ವಾಸದ ಮನೆಯೊಳಗಿನ ಕಳವಿಗೆ 380ನೆಯ ಕಲಮಿನಂತೆ 7 ವರ್ಷಗಳವರೆಗೂ ಸೆರೆವಾಸ ವಿಧಿಸಬಹುದಾಗಿತ್ತು.

2. ಸ್ಮೃತಿಗಳಲ್ಲಿ ಕಳ್ಳನ ಗುರುತು ಮತ್ತು ಪುನರ್ವಿಚಾರಣೆ

ಆಧುನಿಕ ಸಂಹಿತೆಗಳಿಗಿಂತ ಮುಂಚೆ ಈ ವಿಷಯದಲ್ಲಿ ಶಾಸ್ತ್ರವು ಏನು ಹೇಳಿತ್ತೆಂಬುದನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿಯು ಕಳ್ಳನನ್ನು ಹಿಡಿಯಲು ನಾಲ್ಕು ಗುರುತುಗಳನ್ನು ಕೊಡುತ್ತದೆ: ಕದ್ದ ಮಾಲು ಅವನಲ್ಲಿ ಸಿಕ್ಕುವುದು, ಹೆಜ್ಜೆಯ ಜಾಡು ಅವನೆಡೆಗೆ ಹೋಗುವುದು, ಹಿಂದೆ ಅಪರಾಧ ಮಾಡಿದವನಾಗಿರುವುದು, ವಾಸಸ್ಥಳವು ಶುದ್ಧವಲ್ಲದಿರುವುದು. ಮೊದಲಿನ ಎರಡು ಗುರುತುಗಳು ಕೃತ್ಯಕ್ಕೆ ಸಂಬಂಧಿಸಿದವು. ಕೊನೆಯ ಎರಡು ಮನುಷ್ಯನಿಗೆ ಸಂಬಂಧಿಸಿದವು. ಈ ಭೇದವನ್ನು ವಾಚಕರು ಗಮನದಲ್ಲಿಡಬೇಕು. ನಂತರದ ಇತಿಹಾಸವೆಲ್ಲ ಇದರ ಸುತ್ತಲೇ ನಡೆದಿದೆ.

ಇದೇ ಪರಂಪರೆಯು ಎಚ್ಚರಿಕೆಯ ಮಾತನ್ನೂ ಹೇಳದೆ ಬಿಟ್ಟಿಲ್ಲ. ಕದ್ದ ವಸ್ತು ಬೇರೊಬ್ಬನ ಕೈಯಿಂದ ಜಾರಿ ಬಿದ್ದದ್ದಾಗಿರಬಹುದು, ನೆಲದಲ್ಲಿ ಅಕಸ್ಮಾತ್ತಾಗಿ ದೊರೆತದ್ದಾಗಿರಬಹುದು, ಕಳ್ಳನೇ ಎಸೆದು ಹೋದದ್ದಾಗಿರಬಹುದು. ಆದ್ದರಿಂದ ಮಾಲನ್ನು ಪ್ರಯತ್ನಪೂರ್ವಕವಾಗಿ ಪರೀಕ್ಷಿಸಬೇಕೆಂಬ ಅಭಿಪ್ರಾಯವು ನಾರದನ ಹೆಸರಿನಲ್ಲಿ ಉಲ್ಲೇಖಗೊಂಡಿದೆ. ಇಂದಿನ ವಕೀಲರು ಮೇಲ್ಮನವಿಯಲ್ಲಿ ಎತ್ತುವ ಆಕ್ಷೇಪಣೆಗಳಲ್ಲಿ ಅರ್ಧಪಾಲು ಇದರಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ತಪ್ಪು ತೀರ್ಪನ್ನು ತಿದ್ದುವ ಮಾರ್ಗವೂ ಇತ್ತು. ಕುಲ, ಶ್ರೇಣಿ, ಪೂಗ, ರಾಜನಿಯುಕ್ತರು ಎಂಬ ನ್ಯಾಯಸ್ಥಾನಗಳಲ್ಲಿ ಒಂದಕ್ಕಿಂತ ಒಂದು ಮೇಲೆಂಬ ಕ್ರಮವಿದ್ದು, ಕೆಳಗಿನದರಲ್ಲಿ ತೃಪ್ತಿಯಾಗದ ವ್ಯವಹಾರವು ಮೇಲಿನದಕ್ಕೆ ಹೋಗಬಹುದಾಗಿತ್ತು. ಕೆಟ್ಟದಾಗಿ ವಿಚಾರಿಸಿದ ವ್ಯವಹಾರವನ್ನು ರಾಜನು ಮತ್ತೆ ನೋಡಿ, ತಪ್ಪಿದ ಸಭ್ಯರಿಗೆ ದಂಡ ವಿಧಿಸಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ಆದರೆ ನ್ಯಾಯವಾಗಿ ಸೋತವನು ಸೋಲನ್ನೊಪ್ಪದೆ ಮತ್ತೆ ಬಂದು ಮತ್ತೆ ಸೋತರೆ ಅವನಿಗೆ ಇಮ್ಮಡಿ ದಂಡ. ಅಂದರೆ ಪುನರ್ವಿಚಾರಣೆಯನ್ನು ಕೇಳುವುದೇ ಒಂದು ಪಣವಾಗಿತ್ತು. ಈ ನಿಯಮಗಳ ಮುಖ್ಯ ಕ್ಷೇತ್ರವು ಧನ, ಭೂಮಿ, ಸಾಲಗಳ ವ್ಯಾಜ್ಯ. ರಾತ್ರಿಯಲ್ಲಿ ಕನ್ನ ಕೊರೆದ ಕಳ್ಳನಿಗೆ ಮನುಸ್ಮೃತಿಯು ಹೇಳುವುದು ಕೈ ಕತ್ತರಿಸಿ ಶೂಲಕ್ಕೇರಿಸುವ ಶಿಕ್ಷೆ. ಅಂಥ ಶಿಕ್ಷೆ ನಡೆದ ಮೇಲೆ ಮನವಿಗೆ ಎಡೆಯೆಲ್ಲಿ? ಶಿಕ್ಷೆಯು ದೇಹದಂಡನೆಯಿಂದ ಕಾಲಾವಧಿಯ ಸೆರೆವಾಸಕ್ಕೆ ತಿರುಗಿದ ಮೇಲೆಯೇ ಮೇಲ್ಮನವಿಗೆ ಬೇಕಾದ ಕಾಲವೂ ದೊರೆಯಿತೆಂಬುದನ್ನು ಇಲ್ಲಿ ಗುರುತಿಸಬೇಕು.

3. ತಳವಾರನಿಂದ ಅಮಲ್ದಾರನವರೆಗೆ

ಹಳ್ಳಿಯ ಕಾವಲು ತಳವಾರನದು. ನಮ್ಮ ಸೀಮೆಯ ತೆಲುಗು ಮಾತಿನವರು ಅವನನ್ನು ತಲಾರಿಯೆನ್ನುತ್ತಾರೆ. ಕಳ್ಳನ ಜಾಡು ಗ್ರಾಮದ ಎಲ್ಲೆಯಿಂದ ಹೊರಕ್ಕೆ ಹೋದದ್ದು ಕಾಣದಿದ್ದರೆ ನಷ್ಟದ ಹೊಣೆ ಗ್ರಾಮದ ಮೇಲೆಯೇ ಬೀಳುತ್ತದೆಂಬ ಸ್ಮೃತಿವಾಕ್ಯದ ಅಭಿಪ್ರಾಯವು ದಕ್ಷಿಣದ ಕಾವಲು ಪದ್ಧತಿಯಲ್ಲಿ ದೀರ್ಘಕಾಲ ಉಳಿದಿತ್ತು. ಇದರ ಗುಣವು ಸ್ಪಷ್ಟ: ಕಳಕೊಂಡವನಿಗೆ ಪರಿಹಾರ ದೊರೆಯುತ್ತಿತ್ತು. ದೋಷವೂ ಅಷ್ಟೇ ಸ್ಪಷ್ಟ: ಹೊಣೆಯಿಂದ ಪಾರಾಗಲು ಯಾರಾದರೊಬ್ಬ ಕಳ್ಳನು ಬೇಕಾಗುತ್ತಿದ್ದನು. ದಿಕ್ಕಿಲ್ಲದವನ ಬಾಯಿಂದ ತಪ್ಪೊಪ್ಪಿಗೆ ಹೊರಡಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ನೆರೆಯ ಮದರಾಸು ಪ್ರಾಂತದಲ್ಲಿ ಚಿತ್ರಹಿಂಸೆಯನ್ನು ಕುರಿತು ವಿಚಾರಿಸಿದ ಆಯೋಗವು 1855ರಲ್ಲಿ ಒಪ್ಪಿಸಿದ ವರದಿಯು ಈ ದಾರಿ ಎಷ್ಟು ಸವೆದಿತ್ತೆಂಬುದನ್ನು ತೋರಿಸುತ್ತದೆ. 1861ರ ದಂಡ ಪ್ರಕ್ರಿಯಾ ಸಂಹಿತೆಯು ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಬಾರದೆಂದು ವಿಧಿಸಿತು. 1872ರ ಸಾಕ್ಷ್ಯ ಶಾಸನದ 25ನೆಯ ಕಲಮಾಗಿ ಅದೇ ಮುಂದುವರಿಯಿತು.

ಮೈಸೂರಿನಲ್ಲಿ 1831ರಿಂದ 1881ರವರೆಗೆ ಕಮಿಷನರುಗಳ ಆಡಳಿತವಿತ್ತು. ಮಾರ್ಕ್ ಕಬ್ಬನ್ನನ ಕಾಲದಲ್ಲಿ ಹುಜೂರ್ ಅದಾಲತ್ತು ಮೇಲಿನ ನ್ಯಾಯಸ್ಥಾನವಾಗಿತ್ತು. 1856ರಲ್ಲಿ ನ್ಯಾಯಾಡಳಿತಕ್ಕೆ ಜುಡಿಷಿಯಲ್ ಕಮಿಷನರನ್ನು ನೇಮಿಸಲಾಯಿತು. ಬೌರಿಂಗನ ಕಾಲದ ಪುನಾರಚನೆಯಲ್ಲಿ ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳು ಸೇರಿ ನಂದಿದುರ್ಗ ವಿಭಾಗವಾಯಿತು. ನಮ್ಮ ನಾಲ್ಕು ತಾಲ್ಲೂಕುಗಳ ನೆತ್ತಿಯ ಮೇಲಿನ ಬೆಟ್ಟದ ಹೆಸರೇ ಈ ವಿಭಾಗಕ್ಕೆ ಬಂದದ್ದು. 1884ರಲ್ಲಿ ಮೈಸೂರಿನ ಚೀಫ್ ಕೋರ್ಟು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. 1930ರಲ್ಲಿ ಅದಕ್ಕೆ ಹೈಕೋರ್ಟೆಂಬ ಹೆಸರಾಯಿತು.

ಈ ಸೋಪಾನದ ಕೆಳಗಿನ ಮೆಟ್ಟಿಲಿನಲ್ಲಿ ಒಂದು ತೊಡಕಿತ್ತು. ತಾಲ್ಲೂಕಿನ ಅಮಲ್ದಾರನು ಕಂದಾಯ ವಸೂಲು ಮಾಡುವವನೂ ಹೌದು, ಮ್ಯಾಜಿಸ್ಟ್ರೇಟನೂ ಹೌದು. ಜಿಲ್ಲೆಯ ಡೆಪ್ಯುಟಿ ಕಮಿಷನರನೇ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟನು. ಭಾರತದ 1898ರ ಸಂಹಿತೆಯ ಕ್ರಮದಂತೆ ಎರಡನೆಯ, ಮೂರನೆಯ ದರ್ಜೆಯ ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಅಪೀಲು ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟನಿಗೆ, ಮೊದಲ ದರ್ಜೆಯವರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ; ಮೈಸೂರಿನ ಸಂಹಿತೆಯೂ ಈ ಮಾದರಿಯನ್ನೇ ಅನುಸರಿಸಿತ್ತು. ಹೀಗಾಗಿ ಸಣ್ಣ ಶಿಕ್ಷೆಗೊಳಗಾದ ಬಡವನ ಅಪೀಲು ಜಿಲ್ಲೆಯ ಶಾಂತಿರಕ್ಷಣೆಗೆ ಹೊಣೆಯಾದ ಅಧಿಕಾರಿಯ ಮುಂದೆಯೇ ಹೋಗುತ್ತಿತ್ತು. ದೊಡ್ಡ ಶಿಕ್ಷೆಗೊಳಗಾದವನಿಗೆ ದೊರೆಯುತ್ತಿದ್ದ ಸ್ವತಂತ್ರ ನ್ಯಾಯಾಧೀಶನು ಚಿಕ್ಕ ಶಿಕ್ಷೆಯವನಿಗೆ ದೊರೆಯುತ್ತಿರಲಿಲ್ಲ.

ಆದರೂ ಹೊಸ ಕ್ರಮದಲ್ಲಿ ಒಂದು ದೊಡ್ಡ ಲಾಭವಿತ್ತು. ಶಿಕ್ಷಿತನು ಮಾಡಿದ ಅಪೀಲಿನಲ್ಲಿ ಶಿಕ್ಷೆಯನ್ನು ಹೆಚ್ಚಿಸಬಾರದೆಂದು 1898ರ ಸಂಹಿತೆಯ 423ನೆಯ ಕಲಮು ಹೇಳಿತು. ರಿವಿಜನ್ ಅಧಿಕಾರದಲ್ಲಿ ಹೈಕೋರ್ಟು ನೋಟಿಸು ಕೊಟ್ಟು ಹೆಚ್ಚಿಸಬಹುದಾಗಿತ್ತು ನಿಜ. ಆದರೆ ಸೋತವನಿಗೆ ಇಮ್ಮಡಿ ದಂಡವೆಂಬ ಹಳೆಯ ಪಣವು ಮುಗಿಯಿತು. 420ನೆಯ ಕಲಮು ಸೆರೆಮನೆಯಲ್ಲಿರುವವನು ತನ್ನ ಅಪೀಲನ್ನು ಸೆರೆಮನೆಯ ಅಧಿಕಾರಿಯ ಮೂಲಕವೇ ಸಲ್ಲಿಸಲು ಅವಕಾಶ ಕೊಟ್ಟಿತು.

4. ಒಂದು ಮೊಕದ್ದಮೆಯ ದಾರಿ

ವಿಷಯವು ಸ್ಪಷ್ಟವಾಗುವುದಕ್ಕಾಗಿ ನಾವು ಒಂದು ಮೊಕದ್ದಮೆಯನ್ನು ಕಲ್ಪಿಸಿಕೊಳ್ಳೋಣ. ಶಿಡ್ಲಘಟ್ಟದ ಸುತ್ತಿನ ಹಳ್ಳಿಯೊಂದರಲ್ಲಿ ರೈತನು ಚಂದ್ರಿಕೆಯಿಂದ ಗೂಡು ಬಿಡಿಸಿ ಮಾರಿ ಬಂದಿದ್ದಾನೆ. ಹುಳು ಸಾಕುವ ರಾತ್ರಿಗಳಲ್ಲಿ ಮನೆಯವರೆಲ್ಲ ಎಚ್ಚರವಾಗಿರುತ್ತಾರೆ. ಗೂಡು ಮಾರಿದ ರಾತ್ರಿ ಎಲ್ಲರಿಗೂ ಗಾಢನಿದ್ರೆ. ಬೆಳಗಾಗುವಷ್ಟರಲ್ಲಿ ಹಿತ್ತಿಲ ಗೋಡೆಗೆ ಕನ್ನ ಬಿದ್ದಿದೆ. ಹಣವೂ ಒಂದು ಜೊತೆ ಓಲೆಯೂ ಇಲ್ಲ. ಕೆಲವು ದಿನಗಳ ಮೇಲೆ ಚಿಂತಾಮಣಿಯ ಸಂತೆಯಲ್ಲಿ ಒಬ್ಬ ಕೂಲಿಯು ಸಿಕ್ಕುತ್ತಾನೆ. ಅವನು ತೋರಿಸಿದನೆನ್ನಲಾದ ಬಣವೆಯಿಂದ ಓಲೆಗಳನ್ನು ತೆಗೆದು ಮಹಜರು ಬರೆಯುತ್ತಾರೆ. ಮ್ಯಾಜಿಸ್ಟ್ರೇಟರು ಶಿಕ್ಷೆ ವಿಧಿಸುತ್ತಾರೆ.

ಅಪೀಲಿನಲ್ಲಿ ಈ ಕೂಲಿಯು ಏನನ್ನು ಹೇಳಬಹುದು? ಮೊದಲನೆಯದು, ಮಾಲಿನ ಗುರುತು. ಒಂದೇ ಅಕ್ಕಸಾಲಿಯು ಹತ್ತು ಮನೆಗಳಿಗೆ ಒಂದೇ ಮಾದರಿಯ ಓಲೆ ಮಾಡಿಕೊಟ್ಟಿರಬಹುದು. ಫಿರ್ಯಾದಿಯು ತನ್ನದನ್ನು ಯಾವ ಗುರುತಿನಿಂದ ಬಲ್ಲನು? ಎರಡನೆಯದು, ಮಹಜರು. ಅದಕ್ಕೆ ರುಜು ಹಾಕಿದ ಪಂಚರು ಓಲೆ ತೆಗೆದದ್ದನ್ನು ಕಂಡವರೋ, ಬರೆದ ಕಾಗದಕ್ಕೆ ಠಾಣೆಯಲ್ಲಿ ಹೆಬ್ಬೆಟ್ಟು ಒತ್ತಿದವರೋ? ಮೂರನೆಯದು, ತೋರಿಸಿದನೆಂಬ ಮಾತು. ಸಾಕ್ಷ್ಯ ಶಾಸನದ 27ನೆಯ ಕಲಮಿನಂತೆ, ಪೊಲೀಸರ ವಶದಲ್ಲಿರುವವನ ಹೇಳಿಕೆಯಿಂದ ಒಂದು ಸಂಗತಿ ಪತ್ತೆಯಾದರೆ ಅದಕ್ಕೆ ಸ್ಪಷ್ಟವಾಗಿ ಸಂಬಂಧಿಸಿದ ಭಾಗ ಮಾತ್ರ ಗ್ರಾಹ್ಯ. ಮದರಾಸು ಪ್ರಾಂತದಿಂದ ಹೋಗಿ 1946ರ ಕೊನೆಯಲ್ಲಿ ಪ್ರೀವಿ ಕೌನ್ಸಿಲಿನಲ್ಲಿ ತೀರ್ಮಾನವಾದ ಪುಲುಕುರಿ ಕೊಟ್ಟಯ್ಯ ಮೊಕದ್ದಮೆಯು ಈ ಮಿತಿಯನ್ನು ನಿರ್ಣಯಿಸಿತು: ಪತ್ತೆಯಾದ ಸಂಗತಿಯೆಂದರೆ ವಸ್ತುವು ಇದ್ದ ಸ್ಥಳ ಮತ್ತು ಅದನ್ನು ಕುರಿತು ಆರೋಪಿಗಿದ್ದ ಅರಿವು, ವಸ್ತುವಿನ ಹಿಂದಿನ ಚರಿತ್ರೆಯಲ್ಲ. ಓಲೆ ಬಣವೆಯಲ್ಲಿದೆಯೆಂಬ ಮಾತು ಸಲ್ಲುತ್ತದೆ. ನಾನು ಕನ್ನ ಹಾಕಿ ತಂದೆನೆಂಬ ಮಾತು ಸಲ್ಲುವುದಿಲ್ಲ. ನಾಲ್ಕನೆಯದು, ಕಾಲ. ಕಳವಾದ ಕೂಡಲೆ ಮಾಲು ಯಾರಲ್ಲಿ ಸಿಕ್ಕಿತೋ ಅವನು ಸಮಾಧಾನ ಹೇಳದಿದ್ದರೆ ಕಳ್ಳನೆಂದೋ ತಿಳಿದೂ ಕಳವಿನ ಮಾಲನ್ನು ಪಡೆದವನೆಂದೋ ನ್ಯಾಯಾಲಯವು ಊಹಿಸಬಹುದೆಂದು 114ನೆಯ ಕಲಮಿನ ಉದಾಹರಣೆ ಹೇಳುತ್ತದೆ. ಊಹಿಸಬಹುದು ಎಂದಿದೆ, ಊಹಿಸಲೇಬೇಕು ಎಂದಿಲ್ಲ. ಎಲ್ಲರ ಕೈಗೆಟಕುವ ಬಣವೆಯಲ್ಲಿ ದೊರೆತದ್ದು ಅವನ ಸ್ವಾಧೀನದಲ್ಲಿತ್ತೇ ಎಂಬುದೂ ಪ್ರಶ್ನೆಯೇ. ನಾರದನ ಹೆಸರಿನ ಹಳೆಯ ಎಚ್ಚರಿಕೆಯು ಇಲ್ಲಿ ಹೊಸ ಮಾತಿನಲ್ಲಿ ಮರಳಿ ಬಂದಿದೆ.

ಆದರೆ ಇವೆಲ್ಲವನ್ನೂ ಹೇಳಬೇಕಾದರೆ ತೀರ್ಪಿನಲ್ಲಿ ಏನಿದೆಯೆಂದು ತಿಳಿದಿರಬೇಕು. ಈ ಸೀಮೆಯಲ್ಲಿ ಅನೇಕರ ಮನೆಮಾತು ತೆಲುಗು; ಕಚೇರಿಯ ಭಾಷೆ ಕನ್ನಡ; ತೀರ್ಪಿನ ಭಾಷೆ ಬಹುವೇಳೆ ಇಂಗ್ಲಿಷು. ಆರೋಪಿಯು ಕೇಳಿದರೆ ಸಾಧ್ಯವಾದಷ್ಟು ಮಟ್ಟಿಗೆ ಅವನ ಭಾಷೆಯಲ್ಲಿಯೇ ತೀರ್ಪಿನ ಭಾಷಾಂತರ ಕೊಡಬೇಕೆಂದು 1898ರ ಸಂಹಿತೆಯ 371ನೆಯ ಕಲಮು ಹೇಳಿತ್ತು. ಕೇಳಬಹುದೆಂದು ತಿಳಿದವನು ಮಾತ್ರವೇ ಕೇಳುತ್ತಾನೆ. ದೂರದ ತೊಂದರೆಯೂ ಇತ್ತು. ಗೌರಿಬಿದನೂರಿಗೆ ರೈಲು 19ನೆಯ ಶತಮಾನದ ಕೊನೆಯ ದಶಕದಲ್ಲಿ ಬಂದಿತು. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಕಿರುಹಳಿಯ ರೈಲು ಬಂದದ್ದು 1915ರಲ್ಲಿ. ಅದಕ್ಕೆ ಮುಂಚೆ ಶಿಕ್ಷಿತನ ಹೆಂಡತಿಯೋ ತಮ್ಮನೋ ವಕೀಲನನ್ನು ಹುಡುಕಿಕೊಂಡು ಬೆಂಗಳೂರಿಗೆ ಹೋಗಬೇಕಾಗಿದ್ದರೆ ಗಾಡಿಯ ದಾರಿಯೇ ಗತಿ. ಅಪೀಲಿನ ವಾಯಿದೆಯ ದಿನಗಳು ದಾರಿಯಲ್ಲಿಯೇ ಕಳೆಯುತ್ತಿದ್ದವು.

5. ಪೂರ್ವಾಪರಾಧದ ನೆರಳು

ಹಿಂದೆ ಅಪರಾಧ ಮಾಡಿದವನೆಂಬುದು ಸ್ಮೃತಿಗಳಲ್ಲಿ ಕಳ್ಳನ ಗುರುತಾಗಿತ್ತೆಂದು ಮೇಲೆ ಹೇಳಿದೆವು. ಸಾಕ್ಷ್ಯ ಶಾಸನದ 54ನೆಯ ಕಲಮು ಇದಕ್ಕೆ ವಿರುದ್ಧವಾದ ತತ್ತ್ವವನ್ನು ಸ್ಥಾಪಿಸಿತು: ಆರೋಪಿಯು ಕೆಟ್ಟವನೆಂಬ ಸಂಗತಿಯು ಅವನು ಈ ಅಪರಾಧವನ್ನು ಮಾಡಿದನೆಂಬುದಕ್ಕೆ ಸಾಮಾನ್ಯವಾಗಿ ಪ್ರಸಕ್ತವಲ್ಲ. ದಂಡ ಸಂಹಿತೆಯ 75ನೆಯ ಕಲಮಿನಂತೆ ಹಿಂದಿನ ಶಿಕ್ಷೆಯು ಹೊಸ ಶಿಕ್ಷೆಯನ್ನು ಹೆಚ್ಚಿಸಬಹುದು. ಆದರೆ ಅದನ್ನು ರುಜುವಾತುಪಡಿಸಬೇಕಾದದ್ದು ಈಗಿನ ಅಪರಾಧ ಸಿದ್ಧವಾದ ಮೇಲೆ.

ಎದುರಿನ ಬಾಗಿಲಿನಿಂದ ಹೊರಹಾಕಿದ ಈ ಗುರುತು ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿತು. 1898ರ ಸಂಹಿತೆಯ 110ನೆಯ ಕಲಮು ರೂಢಿಗತ ಕನ್ನಗಳ್ಳನೆನಿಸಿಕೊಂಡವನಿಂದ ಸನ್ನಡತೆಗೆ ಜಾಮೀನು ಕೇಳಲು ಅಧಿಕಾರ ಕೊಟ್ಟಿತು. ಜಾಮೀನು ಕೊಡಲಾರದವನಿಗೆ ಸೆರೆಮನೆ. 1871ರ ಅಪರಾಧಿ ಬುಡಕಟ್ಟುಗಳ ಶಾಸನವು ಇಡೀ ಜನಸಮುದಾಯಗಳನ್ನೇ ದಾಖಲೆ ಪುಸ್ತಕಕ್ಕೆ ಸೇರಿಸಿತು. ಅದು 1911ರಲ್ಲಿ ವಿಸ್ತರಿಸಿ ಮದರಾಸು ಪ್ರಾಂತಕ್ಕೂ ಬಂದಿತು. ಮೈಸೂರು ಸಂಸ್ಥಾನವೂ ಇಂಥ ಕಾನೂನನ್ನು ಮಾಡಿಕೊಂಡಿತು. ನಮ್ಮ ಸೀಮೆಯಲ್ಲಿ ಇದರ ಭಾರ ಬಿದ್ದದ್ದು ಕೊರಚ, ಕೊರಮ ಜನರ ಮೇಲೆ. ಇವರು ಎತ್ತು ಕತ್ತೆಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿ ಊರೂರಿಗೆ ಸಾಗಿಸುತ್ತಿದ್ದವರು, ಬುಟ್ಟಿ ಹೆಣೆಯುತ್ತಿದ್ದವರು. ರೈಲೂ ಉಪ್ಪಿನ ನೀತಿಯೂ ಅರಣ್ಯದ ಕಟ್ಟುಪಾಡುಗಳೂ ಸೇರಿ ಇಂಥ ಸಂಚಾರಿಗಳ ಜೀವನವನ್ನು ಹೇಗೆ ಕೆಡಿಸಿದವೆಂಬುದನ್ನು ಮದರಾಸು ಪ್ರಾಂತದ ಕೊರವರನ್ನು ಕುರಿತು ಮೀನಾ ರಾಧಾಕೃಷ್ಣ ಅವರು 2001ರಲ್ಲಿ ಪ್ರಕಟಿಸಿದ ಗ್ರಂಥವು ವಿವರಿಸಿದೆ. ದಾರಿಯೇ ಮನೆಯಾಗಿದ್ದವರಿಗೆ ನೆಲೆಯಿಲ್ಲದಿರುವುದೇ ಅಪರಾಧವಾಯಿತು. ಕನ್ನ ಬಿದ್ದ ಮರುದಿನ ಮೊದಲು ಹುಡುಕುವುದು ಅವರ ಗುಡಿಸಲನ್ನೇ ಎಂದಾದ ಮೇಲೆ, ಅಪೀಲಿನಲ್ಲಿ ಹೇಳಬಹುದಾದ ನಾಲ್ಕು ಮಾತುಗಳಿಗೆ ಬಲವೆಷ್ಟು? ಮಹಜರಿನಲ್ಲಿ ಬರೆಯದ ಸಾಕ್ಷ್ಯವೊಂದು ಎಲ್ಲರ ಮನಸ್ಸಿನಲ್ಲಿ ಮೊದಲೇ ಇರುತ್ತಿತ್ತು. ಬರಹದಲ್ಲಿರುವುದನ್ನು ಅಪೀಲು ತಿದ್ದಬಲ್ಲದು. ಬರೆಯದ ಶಂಕೆಯನ್ನು ತಿದ್ದುವುದು ಅದಕ್ಕೂ ಕಷ್ಟ.

ಅಪರಾಧಿ ಬುಡಕಟ್ಟುಗಳ ಶಾಸನವು 1952ರ ಆಗಸ್ಟಿನಲ್ಲಿ ರದ್ದಾಯಿತು. ಅದರ ಸ್ಥಾನಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು; ನಮ್ಮ ರಾಜ್ಯದ್ದು 1961ರದು. 2024ರ ಅಕ್ಟೋಬರಿನಲ್ಲಿ ಸುಕನ್ಯಾ ಶಾಂತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸೆರೆಮನೆಗಳಲ್ಲಿನ ಜಾತಿಭೇದವನ್ನು ಅಸಾಂವಿಧಾನಿಕವೆಂದು ಸಾರಿದಾಗ, ರದ್ದಾದ ಆ ಶಾಸನದ ಗುರುತು ಇನ್ನೂ ಅಳಿಯದಿರುವುದನ್ನು ಎತ್ತಿ ಹೇಳಿತು.

6. ಗಣರಾಜ್ಯದಲ್ಲಿ

1951ರ ಏಪ್ರಿಲ್ 1ರಿಂದ ಭಾರತದ ಸಂಹಿತೆಗಳು ಮೈಸೂರಿಗೆ ನೇರವಾಗಿ ಅನ್ವಯಿಸಿದವು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಪ್ರಕ್ರಿಯಾ ಸಂಹಿತೆಯು ನ್ಯಾಯ ವಿಚಾರಣೆಯನ್ನು ಕಾರ್ಯಾಂಗದ ಮ್ಯಾಜಿಸ್ಟ್ರೇಟರಿಂದ ಬೇರ್ಪಡಿಸಿ ದೇಶದುದ್ದಕ್ಕೂ ಒಂದೇ ಕ್ರಮವನ್ನು ತಂದಿತು; ಸಣ್ಣ ಶಿಕ್ಷೆಯವನಿಗೂ ಸ್ವತಂತ್ರ ನ್ಯಾಯಾಧೀಶನು ದೊರೆತನು. ಸೆರೆಮನೆಯಿಂದ ಬಂದ ಅಪೀಲನ್ನು ಅಪೀಲುದಾರನಿಗೆ ಹೇಳಿಕೊಳ್ಳಲು ಅವಕಾಶ ಕೊಡದೆ ಸಾಮಾನ್ಯವಾಗಿ ವಜಾ ಮಾಡಬಾರದೆಂಬ ನಿಯಮವೂ ಇದರಲ್ಲಿ ಸೇರಿತು. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ಅಪೀಲು ಮಾಡುವಷ್ಟು ಕಾಲ ಶಿಕ್ಷೆ ವಿಧಿಸಿದ ನ್ಯಾಯಾಲಯವೇ ವಿಶೇಷ ಕಾರಣಗಳಿಲ್ಲದಿದ್ದರೆ ಅವನನ್ನು ಬಿಡಬೇಕು. 1958ರ ಅಪರಾಧಿಗಳ ಪರಿವೀಕ್ಷಣಾ ಶಾಸನವು ಸೆರೆಮನೆಗೆ ಬದಲಾಗಿ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅಧಿಕಾರವನ್ನು ಅಪೀಲು ನ್ಯಾಯಾಲಯಕ್ಕೂ ಕೊಟ್ಟಿದೆ.

ನಮ್ಮ ಪ್ರತಿಪಾದನೆಗೆ ಎಲ್ಲಕ್ಕಿಂತ ಹತ್ತಿರವಾದದ್ದು 1978ರ ಹೊಸ್ಕೋಟ್ ಮೊಕದ್ದಮೆ. ಮಹಾರಾಷ್ಟ್ರದ ಆ ಪ್ರಕರಣದಲ್ಲಿ ಶಿಕ್ಷಿತನು ಹೈಕೋರ್ಟಿನ ತೀರ್ಪು ಬಂದು ನಾಲ್ಕು ವರ್ಷಗಳಿಗಿಂತ ಹೆಚ್ಚು ಕಾಲವಾದ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದನು. ತೀರ್ಪಿನ ಪ್ರತಿ ತನಗೆ ತಲುಪಿರಲಿಲ್ಲವೆಂದು ಹೇಳಿದನು. ಪ್ರತಿಯನ್ನು ಕೊಟ್ಟುದಕ್ಕೆ ಸೆರೆಮನೆಯಲ್ಲಿ ಅವನ ರುಜುವಿರಲಿಲ್ಲ. ಮನವಿಯು ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ತೀರ್ಪು ಒಂದು ನಿಯಮವನ್ನು ನೆಲೆಗೊಳಿಸಿತು: ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು, ಸೆರೆಮನೆಯ ಅಧಿಕಾರಿಯು ತಲುಪಿಸಿ ಲಿಖಿತ ಸ್ವೀಕೃತಿ ಪಡೆಯಬೇಕು, ಬಡ ಬಂದಿಗೆ ರಾಜ್ಯವೇ ವಕೀಲನನ್ನು ಒದಗಿಸಬೇಕು. 1987ರ ಕಾನೂನು ಸೇವೆಗಳ ಶಾಸನವು 1995ರಿಂದ ಇದಕ್ಕೆ ಸಂಸ್ಥೆಯ ರೂಪ ಕೊಟ್ಟಿತು. ಪರಿಶಿಷ್ಟ ಜಾತಿ ಪಂಗಡಗಳವರೂ ಬಂಧನದಲ್ಲಿರುವವರೂ ಅದರ ನೆರವಿಗೆ ಅರ್ಹರು. ವಕೀಲನು ಹಾಜರಾಗಲಿಲ್ಲವೆಂಬ ಕಾರಣಕ್ಕೆ ಕಡತವನ್ನು ನೋಡದೆ ಅಪೀಲನ್ನು ವಜಾ ಮಾಡಬಾರದೆಂದು 1996ರ ಬಾನಿ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು.

2024ರ ಜುಲೈ 1ರಿಂದ ಹಳೆಯ ಸಂಹಿತೆಗಳ ಸ್ಥಾನದಲ್ಲಿ ಹೊಸವು ಬಂದಿವೆ. ಭಾರತೀಯ ನ್ಯಾಯ ಸಂಹಿತೆಯ 331ನೆಯ ಕಲಮಿನಲ್ಲಿ ಕನ್ನದ ಶಿಕ್ಷೆಯೂ 305ರಲ್ಲಿ ಮನೆಯೊಳಗಿನ ಕಳವೂ, ನಾಗರ ಸುರಕ್ಷಾ ಸಂಹಿತೆಯ 415ರಲ್ಲಿ ಅಪೀಲಿನ ಹಕ್ಕೂ ಇವೆ. ಕಲಮುಗಳ ಸಂಖ್ಯೆ ಬದಲಾಗಿದೆ. ರಾತ್ರಿಯ ಕನ್ನಕ್ಕೆ 14 ವರ್ಷಗಳ ಮಿತಿ ಹಾಗೆಯೇ ಉಳಿದಿದೆ. ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು ಇರುವ ವಾಯಿದೆ 30 ದಿನ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಇವನು ಎಂಥವನು ಎಂಬ ಪ್ರಶ್ನೆಯಿಂದ ಇವನು ಮಾಡಿದ್ದು ಸಿದ್ಧವಾಗಿದೆಯೇ ಎಂಬ ಪ್ರಶ್ನೆಗೆ ನ್ಯಾಯವು ಸಾಗಿದ ದಾರಿಯೇ ಮೇಲ್ಮನವಿಯ ಇತಿಹಾಸ. ಆ ದಾರಿಯಲ್ಲಿ ಅದು ಹಲವು ಬಾರಿ ಹಿಂದಕ್ಕೂ ಬಂದಿದೆ. ಎರಡನೆಯದಾಗಿ, ಈ ದಾರಿಯನ್ನು ತೆರೆದದ್ದು ದೊಡ್ಡ ತತ್ತ್ವಗಳಷ್ಟೇ ಅಲ್ಲ. ಮಹಜರು, ಹೇಳಿಕೆ, ಕಾರಣ ಸಹಿತವಾದ ತೀರ್ಪು, ಅದರ ನಕಲು, ನಕಲಿಗೆ ಪಡೆದ ರುಜು ಇಂಥ ಅಲ್ಪವೆಂದು ತೋರುವ ಕಾಗದಗಳು. ಕಳಕೊಂಡ ರೈತನ ದುಃಖವು ಸಣ್ಣದಲ್ಲ. ಒಂದು ಬೆಳೆಯ ದುಡಿಮೆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಆದರೆ ತಪ್ಪು ಮನುಷ್ಯನನ್ನು ಸೆರೆಗೆ ಕಳುಹಿಸಿದರೆ ಅವನ ಓಲೆ ಮರಳುವುದಿಲ್ಲ. ನಿಜವಾದ ಕಳ್ಳನು ಮತ್ತೊಂದು ಗೋಡೆಯನ್ನು ಹುಡುಕುತ್ತಾನೆ.

ತಾಲ್ಲೂಕು ನ್ಯಾಯಾಲಯಗಳ ಹಳೆಯ ಕಡತಗಳನ್ನು ರದ್ದಿಯೆಂದು ಭಾವಿಸುವುದು ರೂಢಿ. ಅರಸರ ಶಾಸನಗಳನ್ನು ಓದಲು ನಾವು ವಿದ್ಯಾರ್ಥಿಗಳಿಗೆ ಕಲಿಸುತ್ತೇವೆ. ಹೆಬ್ಬೆಟ್ಟಿನ ಗುರುತುಳ್ಳ ಅಪೀಲು ಅರ್ಜಿಯನ್ನು ಓದಲು ಕಲಿಸುವುದೂ ಇತಿಹಾಸ ವಿಭಾಗಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ತನ್ನ ಕಾಲದಲ್ಲಿ ಯಾರೂ ಕಿವಿಗೊಡದ ಮನುಷ್ಯನ ಮಾತು ಅಲ್ಲಿ ಲಿಖಿತವಾಗಿ ಉಳಿದಿರುವ ಸಂಭವವುಂಟು.